ಉಚ್ಚೆಯ ಸರ್ಟಿಫಿಕೇಟು

ಉಚ್ಚೆಗೂ ಸರ್ಟಿಫಿಕೇಟು ಕೊಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷ ಬೇರೆಯವರ ಉಚ್ಚೆ ಬಳಿದಿದ್ದೇನೆ, ಯಾರೂ ಹೇಳಿರಲಿಲ್ಲ. ಎಂಬತ್ತೆರಡನೆಯ ಇಸವಿಯಲ್ಲಿ ಹೈದರಾಬಾದಿನಿಂದ ಒಬ್ಬ ಡಾಕ್ಟರಮ್ಮ ಬಂದು ಕೊಟ್ಟಳು. ನರ್ಸಿಗೆ ಕೊಟ್ಟಳು. ಅಡುಗೆಯವನಿಗೆ ಕೊಟ್ಟಳು. ಗೇಟಿನಲ್ಲಿ ಕೂತು ಬೀಡಿ ಸೇದುವ ವಾಚ್‌ಮನ್‌ಗೂ ಕೊಟ್ಟಳು. ನನಗೆ ಕೊಡಲಿಲ್ಲ.

ನಾನು ಬಂಡಮ್ಮ. ರಾಯಿಕೋಡಿನ ಕೇರಿಯವಳು. ನಾಲ್ಕನೆಯ ತರಗತಿಯವರೆಗೆ ಕನ್ನಡ ಕಲಿತೆ. ಆಮೇಲೆ ನಮ್ಮ ಊರು ಆಂಧ್ರಕ್ಕೆ ಹೋಯಿತು ಎಂದರು. ಊರು ಇದ್ದಲ್ಲೇ ಇತ್ತು, ಕನ್ನಡ ಮಾಸ್ತರು ಮಾತ್ರ ಬೀದರಿಗೆ ಹೋದರು. ಹೊಸ ಮಾಸ್ತರಿಗೆ ನನ್ನ ಮಾತು ತಿಳಿಯಲಿಲ್ಲ, ನನಗೆ ಅವರ ತೆಲುಗು ತಿಳಿಯಲಿಲ್ಲ. ಕೈಗೆ ಕಸಬರಿಗೆ ಕೊಟ್ಟು ಅಂಗಳ ಗುಡಿಸು ಎಂದರು. ಅದು ತಿಳಿಯಿತು. ಗುಡಿಸುತ್ತ ಗುಡಿಸುತ್ತ ಜಹೀರಾಬಾದಿಗೆ ಬಂದು ಮುಟ್ಟಿದೆ.

ಜಹೀರಾಬಾದಿನ ಹೊರಗೆ, ಬೊಂಬಾಯಿ ರಸ್ತೆಯ ಪಕ್ಕದಲ್ಲಿ, ಒಂದು ಟ್ರಸ್ಟಿನವರು ವೃದ್ಧರ ಮನೆ ಕಟ್ಟಿಸಿದ್ದರು. ಇಪ್ಪತ್ತೆರಡು ಮಂದಿ ಮುದುಕ ಮುದುಕಿಯರು. ನಾವು ಮೂವರು ಆಯಾಗಳು: ನಾನು, ಸಾಬಮ್ಮ, ಹಣಮಮ್ಮ. ನೆಲಕ್ಕೆ ತಾಂಡೂರಿನ ಕಲ್ಲು ಹಾಸಿದ್ದರು. ನೋಡಲು ಚಂದ. ನೀರು ಬಿದ್ದರೆ ಕಾಲು ನಿಲ್ಲುವುದಿಲ್ಲ, ಉಚ್ಚೆ ಬಿದ್ದರೆ ಈ ಗೋಡೆಯಿಂದ ಆ ಗೋಡೆಗೆ ಹರಿಯುತ್ತದೆ. ಬೆಳಗಾದರೆ ನಮ್ಮ ಕೆಲಸ ಶುರು. ಒದ್ದೆ ಬಟ್ಟೆ ಎಳೆಯುವುದು, ಮೈ ಹೊರಳಿಸುವುದು, ಕುಂಡೆ ತೊಳೆಯುವುದು, ಹಾಸಿಗೆ ಹುಣ್ಣಿಗೆ ಪುಡಿ ಹಚ್ಚುವುದು, ಬಟ್ಟೆಯನ್ನು ಡ್ರಮ್ಮಿನಲ್ಲಿ ಸೋಡಾ ಹಾಕಿ ಕುದಿಸುವುದು, ಕಲ್ಲಿಗೆ ಫಿನಾಯಿಲ್ ಹಾಕಿ ಉಜ್ಜುವುದು. ಸೋಡಾಕ್ಕೆ ನನ್ನ ಬೆರಳಿನ ಚರ್ಮ ಸುಲಿದು ಸುಲಿದು ಈಗ ಗೆರೆಗಳೇ ಇಲ್ಲ. ಹೆಬ್ಬೆಟ್ಟು ಒತ್ತು ಎಂದರೆ ಬರೀ ಒಂದು ಕಪ್ಪು ಕಲೆ ಬೀಳುತ್ತದೆ.

ಅಷ್ಟು ಮಾಡುವ ನಾವು ಕುಡಿಯುವ ನೀರಿನ ಕೊಡ ಮಾತ್ರ ಮುಟ್ಟಬಾರದು. ಅಡುಗೆಯ ಮಾಣಿಕ ಮೇಲಿಂದ ಸುರಿಯುತ್ತಿದ್ದ, ನಾವು ಬೊಗಸೆ ಒಡ್ಡಿ ಕುಡಿಯುತ್ತಿದ್ದೆವು. ಇದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಬರೆಯದ ನಿಯಮವನ್ನು ಎಲ್ಲರೂ ಚೆನ್ನಾಗಿ ಪಾಲಿಸುತ್ತಾರೆ.

ಅವರಲ್ಲಿ ಯಂಕಪ್ಪ ಎಂಬ ಮುದುಕ ಒಬ್ಬ. ನಾರಾಯಣಖೇಡದ ಕಡೆಯ ಕುರಿಯವನು. ಮುನ್ನೂರು ಕುರಿ ಮೇಯಿಸಿದ ಮನುಷ್ಯ. ಕಾಲು ಮುರಿದ ಮೇಲೆ ಮಂದೆಯ ಹಿಂದೆ ನಡೆಯಲಾಗದೆ ಇಲ್ಲಿಗೆ ಬಂದಿದ್ದ. ಬಾಯಿ ಕೆಟ್ಟದ್ದು. ನನ್ನನ್ನು ಬಂಡಮ್ಮ ಎಂದು ಒಂದು ದಿನವೂ ಕರೆದವನಲ್ಲ, 'ಲೇ ಬಂಡಿ' ಎನ್ನುತ್ತಿದ್ದ. ನನ್ನ ಕೈಯಿಂದ ಕುಂಡೆ ತೊಳೆಸಿಕೊಳ್ಳುತ್ತಿದ್ದ, ನೀರು ಮಾತ್ರ ಮಾಣಿಕನೇ ಕೊಡಬೇಕು. ಒಮ್ಮೆ ಮಾಣಿಕ ಇರಲಿಲ್ಲ, ನಾನು ಲೋಟ ಹಿಡಿದರೆ ಮುಖ ಆ ಕಡೆ ತಿರುಗಿಸಿದ. ಅವತ್ತು ಅವನ ಬೆನ್ನು ಸ್ವಲ್ಪ ಜೋರಾಗಿಯೇ ಉಜ್ಜಿದೆ. ಸುಳ್ಳು ಯಾಕೆ ಹೇಳಲಿ.

ಆದರೆ ಯಂಕಪ್ಪ ಹಾಸಿಗೆ ಒದ್ದೆ ಮಾಡುವ ಮನುಷ್ಯನಲ್ಲ. ಇದನ್ನು ನಾನು ಹೇಳಲೇಬೇಕು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆಯಿತು. ಮಂಚದ ಪಕ್ಕದಲ್ಲೇ ತೂತಿನ ಕುರ್ಚಿ ಇಟ್ಟಿದ್ದರು, ಕೆಳಗೆ ಡಬ್ಬಿ. ಬಂದ ದಿನ ಅವನನ್ನು ಅದರ ಮೇಲೆ ಕೂಡಿಸಿದೆ. ಅರ್ಧ ತಾಸು ಕೂತ. ಒಂದು ಹನಿ ಬರಲಿಲ್ಲ. ಮೇಲೆ ನೋಡಿದ, ಛತ್ತು ನೋಡಿದ, ನನ್ನನ್ನು ನೋಡಿದ.

"ಲೇ ಬಂಡಿ, ಸೂರಿನ ಕೆಳಗ ಉಚ್ಚಿ ಹೊಯ್ಯೋದು ಕುರಿ. ಹಟ್ಟಿಯಾಗ ಮಲಗತದ, ಅಲ್ಲೇ ಹೊಯ್ತದ. ಮನಶ್ಯಾ ಎದ್ದು ಹೊರಗ ಹೋಗ್ತಾನ," ಎಂದ.

ಎಪ್ಪತ್ತು ವರ್ಷ ಬಯಲಲ್ಲೇ ಮಲಗಿ ಬಯಲಲ್ಲೇ ಎದ್ದವನು. ಸೂರು ಕಂಡರೆ ಅವನ ಉಚ್ಚೆ ಕಟ್ಟುತ್ತಿತ್ತು. ಕಟ್ಟಿ ಕಟ್ಟಿ, ತಡೆಯಲಾಗದೆ, ಮಲಗಿದಲ್ಲೇ ಜಿನುಗುತ್ತಿತ್ತು. ನಾನು ಹಿಂದಿನ ಬಾಗಿಲು ತೆಗೆದು, ಹೆಗಲು ಕೊಟ್ಟು, ಹಿತ್ತಿಲ ಜಾಲಿ ಮರದ ಕೆಳಗೆ ನಿಲ್ಲಿಸಿದೆ. ಬೆನ್ನು ತಿರುಗಿಸಿ ನಿಂತೆ. ಸರಾಗವಾಗಿ ಬಂತು. ಅವತ್ತಿನಿಂದ ಅದೇ ಪದ್ಧತಿ. ಬೆಳಗಿನ ಚಹಾ ಕುಡಿದು ನೂರು ಎಣಿಸುವಷ್ಟರಲ್ಲಿ ಒಮ್ಮೆ, ಊಟಕ್ಕೆ ಮುಂಚೆ ಒಮ್ಮೆ, ಕಬ್ಬಿನ ಗಾಡಿಗಳು ರಸ್ತೆಯಲ್ಲಿ ಹೋಗುವ ಹೊತ್ತಿಗೆ ಒಮ್ಮೆ. ಉಳಿದವರದೂ ನನಗೆ ಗೊತ್ತಿತ್ತು. ಪಾಂಡಪ್ಪನಿಗೆ ಬಂದರೆ ಅಂಗಿಯ ಗುಂಡಿ ತಿರುವುತ್ತಿದ್ದ. ಚಂದ್ರಾಬಾಯಿಗೆ ಬಂದರೆ ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು, ಅವಳು ಬಯ್ಯಲು ಶುರು ಮಾಡಿದ ಕೂಡಲೇ ನಾವು ಎಬ್ಬಿಸುತ್ತಿದ್ದೆವು. ಕೇಳಿದವರು ಯಾರೂ ಇರಲಿಲ್ಲ, ನಾವು ಹೇಳಲೂ ಇಲ್ಲ.

ಆಮೇಲೆ ಗುಲಾಬಿ ಬಂತು. ಟ್ರಸ್ಟಿಗೆ ದಾನ ಕೊಡುವ ಸೇಠ್ ಬೊಂಬಾಯಿಯಿಂದ ಬರುತ್ತಾರೆ ಎಂದು ಸೆಕ್ರೆಟರಿ ವೈಜಿನಾಥ ಹಿತ್ತಿಲಲ್ಲಿ ಇಪ್ಪತ್ತು ಗುಲಾಬಿ ಗಿಡ ನೆಡಿಸಿದ. ಅದರ ಹತ್ತಿರ ಮುದುಕರು ಉಚ್ಚೆ ಹೊಯ್ಯಬಾರದೆಂದು ಹಿಂದಿನ ಬಾಗಿಲಿಗೆ ಬೀಗ ಹಾಕಿಸಿ ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಂಡ. ವಾರದಲ್ಲಿ ನಾಲ್ಕು ಹಾಸಿಗೆ ಒದ್ದೆಯಾದವು. ಅದಕ್ಕೆ ಅವನೇ ಮದ್ದು ಕಂಡುಹಿಡಿದ. ನಾಲ್ಕು ಗಂಟೆಯ ಮೇಲೆ ಯಾರಿಗೂ ನೀರು ಕೊಡಬಾರದು. ಮೇಲಿಂದ ಹಾಕದಿದ್ದರೆ ಕೆಳಗಿಂದ ಬರುವುದಿಲ್ಲ. ಇಷ್ಟು ಶಾಸ್ತ್ರ ಬಲ್ಲವನನ್ನು ಹೈದರಾಬಾದಿನವರು ಯಾಕೆ ಕರೆದುಕೊಂಡು ಹೋಗಲಿಲ್ಲವೋ. ಮುದುಕರ ತುಟಿ ಒಡೆದವು. ಹಾಸಿಗೆ ಹಾಗೇ ಒದ್ದೆಯಾಗುತ್ತಿತ್ತು, ನಾರುವುದು ಮಾತ್ರ ಹೆಚ್ಚಾಯಿತು.

ಕೊನೆಗೆ ಪಟ್ಟಿ ಬಂತು. ಒದ್ದೆ ಮಾಡುವ ನಾಲ್ವರ ಹೆಸರು. ಸೇಠ್ ಬಂದು ಹೋದ ಮಾರನೆಯ ದಿನ ಇವರನ್ನು ವ್ಯಾನಿನಲ್ಲಿ ಹಾಕಿ ದೂರದ ಯಾವುದೋ ನಿರಾಶ್ರಿತರ ಶಿಬಿರಕ್ಕೆ ಕಳಿಸುವುದು. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ನಾನು ಕಂಡಿಲ್ಲ. ಮೊದಲ ಹೆಸರು ಯಂಕಪ್ಪನದು.

ಅಷ್ಟರಲ್ಲಿ ಡಾಕ್ಟರಮ್ಮ ಬಾಲಮಣಿ ಬಂದಳು. ಉಚ್ಚೆ ತಡೆಯಲಾಗದ ವೃದ್ಧರನ್ನು ಹೇಗೆ ನೋಡಿಕೊಳ್ಳಬೇಕು ಎಂದು ಸಿಬ್ಬಂದಿಗೆ ಎರಡು ದಿನದ ತರಬೇತಿ. ಎರಡನೆಯ ದಿನ ಬೆಳಗ್ಗೆ ಸೇಠ್ ಬಂದು ನೋಡುವುದು. ಹಾಲ್‌ನಲ್ಲಿ ಹನ್ನೆರಡು ಕುರ್ಚಿ ಹಾಕಿದರು. ವೈಜಿನಾಥ ಕೂತ, ನರ್ಸ್ ಅಮೃತಬಾಯಿ ಕೂತಳು, ಗುಮಾಸ್ತರು ಕೂತರು, ಮಾಣಿಕ, ವಾಚ್‌ಮನ್, ಗುಲಾಬಿ ನೆಟ್ಟ ಮಾಲಿ, ಎಲ್ಲರೂ ಕೂತರು. ನಾವು ಮೂವರು ಬಾಗಿಲ ಹೊರಗೆ ನಿಂತೆವು. ಒಳಗೆ ಬಂದರೆ ವಾಸನೆ ಬರುತ್ತದಂತೆ. ಉಚ್ಚೆಯ ಪಾಠಕ್ಕೆ ಉಚ್ಚೆಯ ವಾಸನೆ ಬರಬಾರದು.

ಫೋಟೋ ತೆಗೆಯುವವನಿಗೆ ಹನ್ನೊಂದು ಗಂಟೆಗೆ ಬೇರೆ ಕಡೆ ಮದುವೆ ಇತ್ತು. ಹಾಗಾಗಿ ಮೊದಲು ಸರ್ಟಿಫಿಕೇಟು, ಆಮೇಲೆ ಪಾಠ. ಒಬ್ಬೊಬ್ಬರೇ ಎದ್ದು, ಕೂದಲು ತೀಡಿಕೊಂಡು, ಕಾಗದ ಹಿಡಿದು ಫೋಟೋ ತೆಗೆಸಿಕೊಂಡರು.

ಪಾಠ ತೆಲುಗಿನಲ್ಲಿ ನಡೆಯಿತು. ಇಷ್ಟು ವರ್ಷದಲ್ಲಿ ನನಗೆ ತೆಲುಗು ಬರುತ್ತಿತ್ತು. ಬಾಲಮಣಿ ಕೆಟ್ಟವಳಲ್ಲ, ವಿಲಾಯಿತಿಯಲ್ಲಿ ಕಲಿತವಳು. ಅವಳು ಗೋಡೆಗೆ ಒಂದು ಚಾರ್ಟು ಅಂಟಿಸಿ, ಎರಡು ತಾಸಿಗೊಮ್ಮೆ ಪ್ರತಿಯೊಬ್ಬರನ್ನೂ ಕೇಳಬೇಕು, ಎಬ್ಬಿಸಿ ಕರೆದುಕೊಂಡು ಹೋಗಬೇಕು, ಒದ್ದೆಯೋ ಒಣಗಿದೆಯೋ ಬರೆಯಬೇಕು ಎಂದಳು. ನೀರು ನಿಲ್ಲಿಸಬಾರದು ಎಂದಾಗ ವೈಜಿನಾಥ ಮೂಗು ಕೆರೆದುಕೊಂಡ. ನನಗೆ ನಗು ಬಂತು. ನಾವು ಮಾಡುತ್ತಿದ್ದುದೇ. ಇವಳು ಅದಕ್ಕೆ ವಿಲಾಯಿತಿಗೆ ಹೋಗಿ ಬರಬೇಕಾಯಿತು, ನನಗೆ ಜಾಲಿ ಮರದವರೆಗೆ ಹೋದರೆ ಸಾಕಾಗಿತ್ತು. ಪೆನ್ಸಿಲನ್ನು ಅಮೃತಬಾಯಿಗೆ ಕೊಟ್ಟಳು. ಅಮೃತಬಾಯಿ ಮುದುಕರ ಕೋಣೆಗೆ ದಿನಕ್ಕೊಮ್ಮೆ ಬರುತ್ತಿದ್ದಳು, ಸೆರಗಿನಿಂದ ಮೂಗು ಮುಚ್ಚಿಕೊಂಡು.

ಆಮೇಲೆ ಮೈ ಒರೆಸಿ ಬಟ್ಟೆ ಕಟ್ಟುವುದನ್ನು ಮಾಡಿ ತೋರಿಸಬೇಕು, ಒಬ್ಬ ರೋಗಿಯನ್ನು ತನ್ನಿ ಎಂದಳು. ವೈಜಿನಾಥ ಪಟ್ಟಿಯ ಮೊದಲ ಹೆಸರು ಹೇಳಿದ. ವಾಚ್‌ಮನ್ ಮತ್ತು ಮಾಲಿ ಸೇರಿ ಯಂಕಪ್ಪನನ್ನು ಹೊತ್ತು ತಂದು ಹಾಲ್‌ನ ನಡುವೆ ಮೇಜಿನ ಮೇಲೆ ಮಲಗಿಸಿದರು. ಹನ್ನೆರಡು ಮಂದಿ ಕುರ್ಚಿ ಎಳೆದುಕೊಂಡು ಮುಂದೆ ಬಂದರು.

"ಇವರಿಗೆ ಅರಿವಿಲ್ಲ ಮೇಡಂ," ಎಂದಳು ಅಮೃತಬಾಯಿ.

ಬಾಲಮಣಿಯ ಹತ್ತಿರ ಒಂದೇ ಜೊತೆ ರಬ್ಬರಿನ ಕೈಗವಸು ಇತ್ತು. ಅದನ್ನು ಅವಳು ತೊಟ್ಟಳು. ಕೈ ಮೇಲೆ ಹಿಡಿದು ಬಾಗಿಲ ಕಡೆ ನೋಡಿ ನನ್ನನ್ನು ಕರೆದಳು. ಅವಳ ಕೈ ಕೊಳೆಯಾಗಬಾರದಲ್ಲ, ಬಟ್ಟೆ ನಾನು ಬಿಚ್ಚಬೇಕು. ಹಾಗೆ ನಾನು ಹಾಲ್‌ನ ಒಳಗೆ ಬಂದೆ.

ಯಂಕಪ್ಪ ಎರಡೂ ಕೈಯಿಂದ ಧೋತರದ ಗಂಟು ಹಿಡಿದಿದ್ದ. ಬೆರಳು ಬೆಳ್ಳಗಾಗಿದ್ದವು. ಛತ್ತು ನೋಡುತ್ತಿದ್ದ. ನನ್ನ ಕೈ ಅವನ ಕೈಯ ಹತ್ತಿರ ಹೋಯಿತು. ಆಗ ಅವನು ನನ್ನನ್ನು ನೋಡಿದ. ಬಯ್ಯಲಿಲ್ಲ. ಬಂಡಿ ಎನ್ನಲಿಲ್ಲ. ಆ ಬಾಯಿ ಹಾಗೆ ಸುಮ್ಮನಿದ್ದುದನ್ನು ನಾನು ಮೊದಲ ಸಲ ಕಂಡೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಪಾದದಿಂದ ಬಂತು. ಕೈ ಹಿಂದಕ್ಕೆ ತೆಗೆದೆ.

"ನಾ ಬಿಚ್ಚಂಗಿಲ್ರಿ," ಎಂದೆ.

"ಏನಂದಿ?" ಎಂದ ವೈಜಿನಾಥ.

"ಬಿಚ್ಚಂಗಿಲ್ಲ ಅಂದೆ. ದಿನಾ ಬಿಚ್ತೀನಿ, ಸೀರಿ ಅಡ್ಡ ಕಟ್ಟಿ ಬಿಚ್ತೀನಿ. ಹನ್ನೆರಡು ಮಂದಿ ಮುಂದ ಬಿಚ್ಚಂಗಿಲ್ಲ."

"ಆತಗ ಏನು ತಿಳಿತದ?"

"ಧೋತರ ಯಾರು ಹಿಡದಾರ ನೋಡ್ರಿ. ತಿಳಿಲಾರದವ ಹಿಂಗ ಹಿಡಿತಾನೇನು?"

"ಕೆಲಸ ಬೇಕೋ ಬ್ಯಾಡೋ ನಿಂಗ?"

"ಕಲಿಸಾಕ ಒಂದು ಮೈ ಬೇಕು, ಹೌದಿಲ್ರಿ? ನೀವು ಮಲ್ಕೊರಿ ಸಾಬ್. ನಿಮ್ದು ಬಿಚ್ತೀನಿ."

ಮಾಣಿಕ ಸರ್ಟಿಫಿಕೇಟನ್ನು ಬಾಯಿಗೆ ಅಡ್ಡ ಹಿಡಿದು ನಕ್ಕ. ಮಾಲಿಯೂ ನಕ್ಕ. ವೈಜಿನಾಥನ ಕಿವಿ ಕೆಂಪಾಯಿತು. ಬಾಲಮಣಿಗೆ ಕನ್ನಡ ತಿಳಿಯಲಿಲ್ಲ, ಏನಂದಳು ಎಂದು ಕೇಳಿದಳು.

"ಹೊರಗ ನಡಿ," ಎಂದ ವೈಜಿನಾಥ. "ನಾಳಿಂದ ಈ ಕಡೆ ಮಾರಿ ತೋರಸಬ್ಯಾಡ. ಉಚ್ಚಿ ಬಳಿಯೋರಿಗಿ ಏನು ಬರ ಅದ? ಇಲ್ಲಿ ಹನ್ನೆರಡು ಮಂದಿ ಕಲತು ಕುಂತಾರ."

"ಹೌದಲ್ರಿ," ಎಂದೆ. "ಕಲತೋರೇ ಬಳಿರಿ."

ಬಂದೆ. ನನ್ನ ಹಿಂದೆ ಒಂದು ಬಕೆಟ್ಟು ನೆಲಕ್ಕೆ ಕುಕ್ಕಿದ ಸದ್ದಾಯಿತು. ಸಾಬಮ್ಮ. ಆಮೇಲೆ ಇನ್ನೊಂದು. ಹಣಮಮ್ಮ. ಹಣಮಮ್ಮ ಮನೆಯಲ್ಲಿ ಗಂಡನಿಗೆ ಎದುರು ಮಾತಾಡದ ಹೆಂಗಸು, ಗೇಟಿನ ಹತ್ತಿರ ಬಂದಾಗ ನನ್ನ ಸೆರಗು ಹಿಡಿದಳು. "ಅಕ್ಕಾ, ಈಗ ಏನು ಮಾಡೋದು?" ಎಂದು ಕೇಳಿದಳು.

ಮಾರನೆಯ ದಿನ ಬೆಳಗ್ಗೆ ಮೂವರೂ ಬಂದೆವು. ಗೇಟಿನಿಂದ ಅಲ್ಲ. ಕಬ್ಬಿನ ಹೊಲದ ಬದುವಿನ ಮೇಲೆ ನಡೆದು, ಬೇಲಿ ದಾಟಿ, ಹಿತ್ತಿಲಿಗೆ ಬಂದು ಜಾಲಿ ಮರದ ಕೆಳಗೆ ಕೂತೆವು. ಅಲ್ಲಿಂದ ಕೋಣೆಯ ಕಿಟಕಿ ಕಾಣುತ್ತದೆ. ಕೆಲಸಕ್ಕೆ ಹೋಗುವಂತಿಲ್ಲ, ಬಿಟ್ಟು ಹೋಗಲೂ ಮನಸ್ಸಿಲ್ಲ.

ಎಂಟು ಗಂಟೆಯ ಹೊತ್ತಿಗೆ ವಾಸನೆ ಕಿಟಕಿ ದಾಟಿ ಗುಲಾಬಿಯವರೆಗೆ ಬಂತು. ಒಳಗೆ ಸರ್ಟಿಫಿಕೇಟಿನವರು ಕೆಲಸಕ್ಕೆ ಇಳಿದಿದ್ದರು. ಮಾಣಿಕ ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದ, ದರೋಡೆಗೆ ಬಂದವನಂತೆ. ವಾಚ್‌ಮನ್ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಮುಖ ತಿರುಗಿಸಿದ. ಚಂದ್ರಾಬಾಯಿ ಬಯ್ಯಲು ಶುರು ಮಾಡಿದಳು. ಅದರ ಅರ್ಥ ತಿಳಿಯದ ಅಮೃತಬಾಯಿ ತಿರುಗಿ ಬಯ್ದಳು. ಬಯ್ದು ಮುಗಿಯುವಷ್ಟರಲ್ಲಿ ಅವಳ ಚಪ್ಪಲಿಯ ಕೆಳಗೆ ಹರಿಯಿತು. ವೈಜಿನಾಥ ಕೂಗುತ್ತ ಬಂದ, ತಾಂಡೂರಿನ ಕಲ್ಲಿನ ಮೇಲೆ ಕಾಲಿಟ್ಟ, ಕಾಲು ಮುಂದೆ ಹೋಯಿತು, ಅವನು ಅಲ್ಲೇ ಕೂತ. ಬಿಳಿ ಪ್ಯಾಂಟು ಹಿಂದೆಲ್ಲ ಹಳದಿ.

"ಸಿಸ್ಟರ್ ಬಾಯಿ," ಎಂದು ಕಿಟಕಿಯಿಂದ ಕೂಗಿದೆ, "ಚಾರ್ಟಿನಾಗ ಬರಕೊರಿ. ಸಾಬ್ ಒದ್ದಿ."

ಸಾಬಮ್ಮ ನಕ್ಕು ನಕ್ಕು ಮರಕ್ಕೆ ಒರಗಿದಳು. ನಾನೂ ನಕ್ಕೆ. ಆಮೇಲೆ ಯಂಕಪ್ಪನನ್ನು ನೋಡಿದೆ, ನಗು ನಿಂತಿತು. ಅವನು ಮಂಚದ ಅಂಚಿನಲ್ಲಿ ಕಾಲು ಒತ್ತಿ ಹಿಡಿದು ಕೂತಿದ್ದ. ಚಹಾ ಆಗಿತ್ತು. ನೂರು ಎಣಿಸಿ ಎಷ್ಟೋ ಹೊತ್ತಾಗಿತ್ತು. ಕತ್ತಿನ ನರ ಉಬ್ಬಿತ್ತು, ಹಣೆಯ ಮೇಲೆ ಬೆವರು. ಪಟ್ಟಿಯಲ್ಲಿ ಹೆಸರು ಮೊದಲೇ ಇತ್ತು, ಈಗ ಒದ್ದೆಯಾದರೆ ನಾಳೆ ವ್ಯಾನು ಖಂಡಿತ. ಅದು ಅವನಿಗೂ ಗೊತ್ತಿತ್ತು. ಒಳಗೆ ಓಡಿ ಹೋಗೋಣ, ಹಟ ಸಾಕು ಎನ್ನಿಸಿತು. ಅಷ್ಟರಲ್ಲಿ ಅವನೇ ಎದ್ದ. ಮಂಚ ಹಿಡಿದು, ಗೋಡೆ ಹಿಡಿದು, ಮುರಿದ ಕಾಲು ಎಳೆದುಕೊಂಡು ಹಿಂದಿನ ಬಾಗಿಲವರೆಗೆ ಬಂದ. ಮುಷ್ಟಿಯಿಂದ ಬಾಗಿಲು ಗುದ್ದತೊಡಗಿದ.

"ಬಂಡಿ ಎಲ್ಲಿ ಅದಾಳ? ಬಾಗಲ ತೆಗಿರಿ. ಬಂಡೀನ ಕರಿರಿ."

ಬಾಲಮಣಿ ಆ ಹೊತ್ತಿಗೆ ಬಂದಳು. ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ನೋಡಿದಳು. ಅರಿವಿಲ್ಲದವನು ಬಾಗಿಲು ಗುದ್ದುತ್ತಿದ್ದಾನೆ. ಅವಳು ಕಿಟಕಿಯ ಹತ್ತಿರ ಬಂದು, ಅವನು ಏನು ಹೇಳುತ್ತಿದ್ದಾನೆ ಎಂದು ನನ್ನನ್ನು ಕೇಳಿದಳು. ನನ್ನನ್ನು ಅವಳು ಏನಾದರೂ ಕೇಳಿದ್ದು ಅದೇ ಮೊದಲು. ನನಗೆ ಬಂದ ತೆಲುಗಿನಲ್ಲಿ ಹೇಳಿದೆ. ಸೂರಿನದು ಹೇಳಿದೆ, ಕುರಿಯದು ಹೇಳಿದೆ, ಬೀಗದ್ದು ಹೇಳಿದೆ. ಅವಳ ಮುಖ ಸಣ್ಣದಾಯಿತು. ವೈಜಿನಾಥನ ಕಡೆ ತಿರುಗಿ ಕೀಲಿ ಕೊಡಿ ಎಂದಳು.

"ಗುಲಾಬಿ ಸುಟ್ಟು ಹೋಗುತ್ತವೆ ಮೇಡಂ," ಎಂದ ವೈಜಿನಾಥ, ಒದ್ದೆ ಪ್ಯಾಂಟನ್ನು ಫೈಲಿನಿಂದ ಮುಚ್ಚಿಕೊಂಡು.

ಯಂಕಪ್ಪ ಬಾಗಿಲಿಗೆ ಒರಗಿಯೇ ಹೇಳಿದ, "ನನ್ನ ಕುರಿ ಹೊಲದಾಗ ಒಂದು ರಾತ್ರಿ ನಿಂದ್ರಲಿ ಅಂತ ಗೌಡರು ಜ್ವಾಳದ ಚೀಲ ಹೊತಗೊಂಡು ಬರ್ತಿದ್ರು. ಕುರಿ ಉಚ್ಚಿಗಿ ಬೆಲಿ ಇತ್ತು. ನಂದು ಕುರಿಗಿಂತ ಕಡೀ ಆತೇನು?"

ಹೊರಗೆ ನಾನು ಎದ್ದು ನಿಂತೆ. ಸೇಠ್ ಬರಲು ಇನ್ನು ಎರಡು ತಾಸು. ಒಳಗೆ ಇಪ್ಪತ್ತೆರಡು ಹಾಸಿಗೆ, ಹನ್ನೆರಡು ಸರ್ಟಿಫಿಕೇಟು. ವೈಜಿನಾಥ ಕಿಟಕಿಗೆ ಬಂದು ದನಿ ತಗ್ಗಿಸಿದ.

"ಬಂಡಮ್ಮ, ಆಗಿದ್ದು ಆತು. ಒಳಗ ಬರ್ರಿ ಮೂರೂ ಮಂದಿ."

'ಬರ್ರಿ' ಎಂದ. ಒಂಬತ್ತು ವರ್ಷದಲ್ಲಿ ಮೊದಲ ಸಲ. ಪ್ಯಾಂಟು ಒದ್ದೆಯಾದರೆ ಮನುಷ್ಯ ಸುಧಾರಿಸುತ್ತಾನೆ ಎಂದುಕೊಂಡೆ.

"ಬರ್ತೀವ್ರಿ. ಕೀಲಿ ನನ್ನ ಹತ್ರ ಇರ್ಬೇಕು. ಆ ಪಟ್ಟಿ ನನ್ನ ಕಣ್ಮುಂದ ಹರೀರಿ. ಪೆನ್ಸಿಲ್ ನಮಗ ಕೊಡ್ರಿ, ನೋಡೋರು ನಾವು, ಬರಿಯೋರೂ ನಾವೇ. ನೀರಿನ ಕೊಡ ಇನ್ನ ನಾವೇ ತುಂಬ್ತೀವಿ, ನಾವೇ ಕೊಡ್ತೀವಿ."

"ಕೊಡದ ಮಾತು ಬ್ಯಾಡ," ಎಂದ. "ಉಳಿದದ್ದು ಆಗ್ಲಿ. ಸೇಠ್ ಹೋದ ಮ್ಯಾಲ ಕುಂತು ಮಾತಾಡಮು."

"ಹಂಗಾದ್ರ ಸೇಠ್ ಬಂದಾಗೇ ಕುಂದರ್ತೀವಿ ಬಿಡ್ರಿ. ಇಲ್ಲೇ, ಗುಲಾಬಿ ಮಗ್ಗಲದಾಗ."

ಬಾಲಮಣಿ ಅವನ ಮುಂದೆ ಕೈ ಒಡ್ಡಿದಳು. ವೈಜಿನಾಥ ಜೇಬಿನಿಂದ ಕೀಲಿ ತೆಗೆದ, ಫೈಲಿನಿಂದ ಪಟ್ಟಿ ತೆಗೆದ. ಪಟ್ಟಿಯನ್ನು ಎರಡು ತುಂಡು ಮಾಡಿದ. ಇನ್ನೂ ಸಣ್ಣದಾಗಿ ಹರೀರಿ ಎಂದೆ. ಹರಿದ. ಕೀಲಿಯನ್ನು ಕಿಟಕಿಯಿಂದ ನನ್ನ ಕೈಗೆ ಬಾಲಮಣಿಯೇ ಕೊಟ್ಟಳು. ರಬ್ಬರಿನ ಕೈಗವಸು ಅವಳು ತೊಟ್ಟಿರಲಿಲ್ಲ.

ಬೀಗ ತೆಗೆದೆ. ಯಂಕಪ್ಪ ನನ್ನ ಹೆಗಲ ಮೇಲೆ ಇಡೀ ಭಾರ ಹಾಕಿದ. ಧೋತರ ಮುಟ್ಟಿ ನೋಡಿದೆ. ಒಣಗಿತ್ತು. ಮುದುಕ ತಡೆದಿದ್ದ. ಮರದ ಕೆಳಗೆ ನಿಲ್ಲಿಸಿ ಬೆನ್ನು ತಿರುಗಿಸಿದೆ. ಸಾಬಮ್ಮ, ಹಣಮಮ್ಮ ಕೂಡ ತಿರುಗಿದರು. ಸದ್ದು ಬಂತು. ನಿಲ್ಲಲಿಲ್ಲ, ಹೋಗುತ್ತಲೇ ಇತ್ತು. ರಸ್ತೆಯಲ್ಲಿ ಒಂದು ಲಾರಿ ಹೋಯಿತು, ಅದರ ಸದ್ದು ಮುಗಿದ ಮೇಲೂ ಇವನದು ನಡೆದಿತ್ತು.

ಮುಗಿದ ಮೇಲೆ ಅವನು ಗಂಟು ಕಟ್ಟಿಕೊಂಡು, ಜಾಲಿಯ ಬುಡಕ್ಕೆ ಒರಗಿ ಕೂತ.

"ನೀರು ತಾ," ಎಂದ.

ಬಾಗಿಲಲ್ಲಿ ನಿಂತಿದ್ದ ಮಾಣಿಕ ಅಭ್ಯಾಸದಂತೆ ಓಡಲು ಹೊರಟ. ನಾನು ಅವನನ್ನು ತಡೆದು ಅಡುಗೆಮನೆಗೆ ಹೋದೆ. ಕೊಡದ ಮುಚ್ಚಳ ತೆಗೆದೆ. ಲೋಟ ಅದ್ದಿದೆ. ಗೆರೆಯಿಲ್ಲದ ನನ್ನ ಬೆರಳೂ ನೀರಿನಲ್ಲಿ ಮುಳುಗಿತು. ಯಾರಾದರೂ ಏನಾದರೂ ಅಂದಿದ್ದರೆ ಆ ಕೊಡ ಅವರ ತಲೆಯ ಮೇಲೆ ಇರುತ್ತಿತ್ತು.

ತಂದು ಯಂಕಪ್ಪನ ಮುಂದೆ ನಿಂತೆ. ಅವನು ಕೈ ಚಾಚಿದ. ನಾನು ಕೊಡಲಿಲ್ಲ. ಲೋಟವನ್ನು ತುಟಿಗೆ ಇಟ್ಟು, ಕಚ್ಚಿ, ಅರ್ಧ ಕುಡಿದೆ. ನಿಧಾನವಾಗಿ ಕುಡಿದೆ, ಅವನ ಕಣ್ಣು ನೋಡುತ್ತಲೇ. ಆಮೇಲೆ ಉಳಿದದ್ದನ್ನು ಮುಂದೆ ಹಿಡಿದೆ.

ಅವನು ಲೋಟ ನೋಡಿದ. ನನ್ನನ್ನು ನೋಡಿದ. ಒಡೆದ ತುಟಿ ಸವರಿಕೊಂಡ. ಮುಖ ತಿರುಗಿಸಿದರೆ ಇಲ್ಲೇ ಬಿಟ್ಟು ಹೋಗುತ್ತೇನೆ ಎಂದು ಮನಸ್ಸಿನಲ್ಲಿ ಆಣೆ ಹಾಕಿಕೊಂಡಿದ್ದೆ.

"ಇಷ್ಟ ಕುಡದ್ರ ಮಧ್ಯಾಹ್ನಕ್ಕ ಏನು ಹೊಯ್ಲಿ?" ಎಂದ. "ತುಂಬಿ ಕೊಡು, ಬಂಡಮ್ಮ."

ತುಂಬಿ ಕೊಟ್ಟೆ. ಎತ್ತಿ ಕುಡಿಯಲಿಲ್ಲ. ಕಚ್ಚಿ ಕುಡಿದ.

ಆಮೇಲೆ ಒಳಗೆ ಹೋಗಿ ಅಮೃತಬಾಯಿಯ ಕೈಯಿಂದ ಪೆನ್ಸಿಲ್ ತೆಗೆದುಕೊಂಡು, ಯಂಕಪ್ಪನ ಹೆಸರಿನ ಮುಂದೆ ನಾಲ್ಕನೆಯ ತರಗತಿಯ ನನ್ನ ಕನ್ನಡದಲ್ಲಿ 'ಒಣ' ಎಂದು ದೊಡ್ಡದಾಗಿ ಬರೆದೆ. ನೀರು ಕುಡಿದದ್ದನ್ನೂ ಬರೆಯಬೇಕೆಂದಿದ್ದೆ. ಚಾರ್ಟಿನಲ್ಲಿ ಅದಕ್ಕೆ ಜಾಗ ಇರಲಿಲ್ಲ.